ಖಾಲಿ ವ್ಯಾಗನ್ ಖಾಲಿಯಾಗಿಯೇ ಬರಲಿ

ಹೋದ ವಾರ ನನಗೊಂದು ಮೇಲ್ ಬಂತು. ಬೈಗುಳದ ಮೇಲ್. ನನ್ನ ಅಪರಾಧ ಏನು ಅಂತೀರಿ? ಸೇಬು ಸಾಗಿಸುವ ವ್ಯಾಗನ್ನಿನಲ್ಲಿ ಬೆಲ್ಲ ತುಂಬಿ ಕಳಿಸಿದ್ದು.

ಗಾಬರಿಯಾಗಬೇಡಿ, ನನಗೆ ರೈಲ್ವೆಯಲ್ಲಿ ಕೆಲಸ ಸಿಕ್ಕಿಲ್ಲ. (ಈ ಅಮೆರಿಕದಲ್ಲಿ ನನಗಿರುವ ವೀಸಾದಲ್ಲಿ ಯಾವ ಕೆಲಸವನ್ನೂ ಮಾಡುವ ಹಾಗಿಲ್ಲ. ಗಂಡನ ಜೊತೆ ಇರಬಹುದು, ಅಷ್ಟೆ. ಗಂಡ ಆಫೀಸಿನಲ್ಲೇ ಇರುತ್ತಾರೆ ಎನ್ನುವುದು ಬೇರೆ ಮಾತು.) ಇದು ಕಂಪ್ಯೂಟರಿನಲ್ಲಿ ಆಡುವ ರೈಲಿನ ಆಟ. ನಮ್ಮ ಯಜಮಾನರು ತಮಗೆಂದು ತಂದುಕೊಂಡರು, ಒಂದೆರಡು ವೀಕೆಂಡ್ ಎಂಜಿನ್ ಓಡಿಸಿದರು, ಬೇಜಾರಾಗಿ ಬಿಟ್ಟರು. ಅವರು ಬಿಟ್ಟಿದ್ದನ್ನು ನಾನು ಹಿಡಿದುಕೊಂಡೆ.

ನಾನು ಓಡಿಸುವುದು ಗೂಡ್ಸ್ ಗಾಡಿ ಮಾತ್ರ. ಪ್ಯಾಸೆಂಜರ್ ಗಾಡಿಯಲ್ಲಿ ಏನಿದೆ ಹೇಳಿ? ಜನ ಹತ್ತುತ್ತಾರೆ, ಇಳಿಯುತ್ತಾರೆ, ನಿಮ್ಮನ್ನು ಯಾರೂ ಮಾತಾಡಿಸುವುದಿಲ್ಲ. ಗೂಡ್ಸಿನಲ್ಲಿ ಹಾಗಲ್ಲ. ಒಂದೊಂದು ವ್ಯಾಗನ್ನಿಗೂ ಅದರದೇ ಸಂಸಾರ. ಎಲ್ಲಿ ಸರಕು ತುಂಬಿತು, ಯಾರಿಗೆ ಮುಟ್ಟಬೇಕು, ಖಾಲಿಯಾದ ಮೇಲೆ ಯಾವ ಊರಿಗೆ ವಾಪಸ್ಸು. ಎಲ್ಲವನ್ನೂ ನಿಜವಾದ ರೈಲ್ವೆಯಂತೆಯೇ ನಡೆಸಬೇಕು ಎಂದು ಹಟ ಹಿಡಿದವರದೊಂದು ಗುಂಪೇ ಇಂಟರ್‌ನೆಟ್ಟಿನಲ್ಲಿದೆ. ಹೊತ್ತು ಹೋಗದ ನಾನೂ ಸೇರಿಕೊಂಡೆ.

ನನ್ನ ರೈಲ್ವೆಯಲ್ಲಿ ತಿಪಟೂರು ಇದೆ. ಸ್ಟೇಷನ್ ಹಿಂದೆ ಹಿಮದ ಬೆಟ್ಟ. (ಆಟದಲ್ಲಿ ಸಿಗುವುದೇ ಅಮೆರಿಕದ ಬೆಟ್ಟ, ನಾನೇನು ಮಾಡಲಿ?) ಅಲ್ಲಿಂದ ಕೊಬ್ಬರಿ ಹೊರಡುತ್ತದೆ. ನನ್ನ ಸುರಂಗದೊಳಗೆ ನುಗ್ಗಿದ ಗಾಡಿ ಇಂಟರ್‌ನೆಟ್ಟಿನಲ್ಲೇ ಸಾಗಿ ವಾಲ್ಟ್ ಎಂಬುವರ ಕಂಪ್ಯೂಟರಿನ ಸುರಂಗದಿಂದ ಹೊರಗೆ ಬರುತ್ತದೆ. ವಾಲ್ಟ್ ರೆಂಟನ್ನಿನಲ್ಲಿ ಒಬ್ಬರೇ ಇರುವ ಹಿರಿಯರು, ರಿಟೈರ್ ಆದವರು. ನಾವಿರುವ ನಾರ್ತ್ ಕ್ರೀಕಿನಿಂದ 405 ಹೆದ್ದಾರಿಯಲ್ಲಿ ನೇರವಾಗಿ ಹೋದರೆ ಅವರ ಊರು. ಆದರೂ ಅವರ ಮುಖ ನೋಡಿಲ್ಲ. ನನಗೆ ಡ್ರೈವಿಂಗ್ ಬರುವುದಿಲ್ಲ.

ಮೊದಲ ಸಲ ಕೊಬ್ಬರಿ ಕಳಿಸಿದಾಗ ಅವರು ಕೇಳಿದ್ದರು: "ಇದು ನಮ್ಮೂರಲ್ಲಿ ಯಾರಿಗೆ ಬೇಕು?" ಕೆಲವು ದಿನ ಬಿಟ್ಟು ಒಂದು ಚಿತ್ರ ಕಳಿಸಿದರು. ನನ್ನ ಕೊಬ್ಬರಿಗೆಂದೇ ತಮ್ಮ ಹಳಿಯ ಪಕ್ಕ ಸೋಪಿನ ಫ್ಯಾಕ್ಟರಿಯೊಂದನ್ನು ಕಟ್ಟಿಬಿಟ್ಟಿದ್ದರು. ನೋಡಿ ಅಳು ಬಂತು. ಈ ದೇಶಕ್ಕೆ ಬಂದ ಮೇಲೆ ನಾನು ಕೊಟ್ಟದ್ದು ಇನ್ನೊಬ್ಬರಿಗೆ ಬೇಕಾಗಿದ್ದು ಅದೇ ಮೊದಲು.

ಅವರ ಕಡೆಯಿಂದ ನನಗೆ ಸೇಬು ಬರುತ್ತದೆ, ತಣ್ಣಗಿನ ವ್ಯಾಗನ್ನುಗಳಲ್ಲಿ. ತಿಪಟೂರಿನಲ್ಲಿ ಇಳಿಸಿಕೊಂಡೆ. ಇನ್ನು ವ್ಯಾಗನ್ ವಾಪಸ್ ಕಳಿಸಬೇಕು. ಖಾಲಿ ಕಳಿಸುವುದೇ? ಪಕ್ಕದ ಮನೆಯವರ ಪಾತ್ರೆಯನ್ನು ಖಾಲಿ ಕೊಟ್ಟ ಹೆಂಗಸರು ನಮ್ಮ ವಂಶದಲ್ಲೇ ಇಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಹಾಗಾಗಿ ವ್ಯಾಗನ್ನುಗಳನ್ನೆಲ್ಲ ಕೆಲವು ದಿನ ನಿಲ್ಲಿಸಿಕೊಂಡು, ಆಲೆಮನೆಯೊಂದನ್ನು ಕಟ್ಟಿಸಿ, ಮೊದಲಿಗೆ ಒಂದಕ್ಕೆ ಬೆಲ್ಲ ತುಂಬಿ ಕಳಿಸಿದೆ.

ಅದಕ್ಕೇ ವಾಲ್ಟ್ ಅವರಿಂದ ಆ ಮೇಲ್. ಅದು ಸೇಬಿಗೆಂದೇ ಮೀಸಲಾದ ವ್ಯಾಗನ್, ತೋಟದಲ್ಲಿ ಹಣ್ಣು ಕಿತ್ತಿಟ್ಟುಕೊಂಡು ಕಾಯುತ್ತಿದ್ದಾರೆ, ನೀವು ಮಾಡಿದ್ದೇನು ಎಂದು ಕೇಳಿದ್ದರು. ಉದ್ದಕ್ಕೆ ನಮ್ಮ ಪದ್ಧತಿ ವಿವರಿಸಿ ಬರೆದೆ. ಮಾರನೆಯ ದಿನ ಮಧ್ಯಾಹ್ನ ಚುಟುಕಾದ ಉತ್ತರ ಬಂತು.

"ಪದ್ಧತಿ ಚೆನ್ನಾಗಿದೆ. ಆದರೆ ನನ್ನ ವ್ಯಾಗನ್ ನಿಮ್ಮ ಹತ್ತಿರ ನಿಂತಿರುವಷ್ಟು ದಿನ ನಾನು ನಿಮಗೆ ಏನನ್ನೂ ಕಳಿಸಲಾರೆ. ಖಾಲಿಯೇ ಕಳಿಸಿ. ಬೇಗ ಕಳಿಸಿ."

ಓದಿ ತಲೆಯೆತ್ತಿದರೆ ಎದುರಿಗೆ ಫ್ರಿಜ್ಜು. ಅದರ ಮೇಲೆ ಒಂದು ಸ್ಟೀಲ್ ಡಬ್ಬ.

ಡಬ್ಬ ಪಕ್ಕದ ಫ್ಲ್ಯಾಟಿನ ಶ್ರೀಲತಾಳದು. ಅನಂತಪುರದ ಹುಡುಗಿ, ಕನ್ನಡ ಚೆನ್ನಾಗಿಯೇ ಬರುತ್ತದೆ, ನನ್ನ ಹಾಗೆಯೇ ಇಡೀ ದಿನ ಮನೆಯಲ್ಲಿರುವವಳು. ಯುಗಾದಿಗೆ ಆ ಡಬ್ಬದ ತುಂಬ ಪುಳಿಹೋರ (ಅವರ ಕಡೆಯ ಪುಳಿಯೋಗರೆ) ಕೊಟ್ಟು "ಡಬ್ಬಕ್ಕೆ ಅರ್ಜೆಂಟಿಲ್ಲ ಅಕ್ಕಾ" ಎಂದು ಹೋಗಿದ್ದಳು. ಅಷ್ಟು ರುಚಿಯಾದ ಪುಳಿಹೋರಕ್ಕೆ ಸಮನಾದದ್ದು ಏನಾದರೂ ತುಂಬಿ ಕೊಡಬೇಡವೇ? ಮೈಸೂರ್ ಪಾಕ್ ಮಾಡಿದೆ, ಇಟ್ಟಿಗೆಯಾಯಿತು. ಕೋಡುಬಳೆ ಮಾಡಿದೆ, ಎಣ್ಣೆ ಕುಡಿಯಿತು. ಆಮೇಲೆ ಜ್ವರ. ಅಷ್ಟು ಹೊತ್ತಿಗೆ ತಡವಾಗಿದ್ದಕ್ಕೇ ನಾಚಿಕೆಯಾಗಿ, ಅವಳು ಬಾಗಿಲು ತೆಗೆದ ಸದ್ದು ಕೇಳಿದರೆ, ಅವಳು ಹೋಗುವ ತನಕ ನಾನು ಒಳಗೇ ನಿಂತಿರುತ್ತಿದ್ದೆ. ಈಗ ಎಲ್ಲರ ಬಾಗಿಲಲ್ಲೂ ಹ್ಯಾಲೋವೀನ್ ಕುಂಬಳಕಾಯಿ ಕೂತಿದೆ.

ಆದರೆ ಅವಳ ಜೊತೆ ನಂಟು ಇರಲಿಲ್ಲ ಅನ್ನಬೇಡಿ. ಇಲ್ಲಿಯ ಗೋಡೆಗಳು ತೆಳು. ಮಧ್ಯಾಹ್ನ ಅವಳ ಕುಕ್ಕರ್ ಕೂಗಿದರೆ ನಾನೂ ಎದ್ದು ಅಕ್ಕಿ ತೊಳೆಯುತ್ತಿದ್ದೆ. ಅವಳಿಗೆ ಗೊತ್ತಿಲ್ಲದೆ ಅವಳ ಜೊತೆ ಅಡುಗೆ ಮಾಡುತ್ತಿದ್ದೆ. ಅದು ಎಂಥ ಒಂಟಿತನ ಎಂದು ಈಗ ಬರೆಯುವಾಗ ಗೊತ್ತಾಗುತ್ತಿದೆ.

ವಾಲ್ಟ್ ಮಾತು ಕೇಳಿ ಡಬ್ಬ ಎತ್ತಿಕೊಂಡೆ. ಖಾಲಿ ಡಬ್ಬ. ಜೀವನದಲ್ಲಿ ಮೊದಲ ಸಲ.

ಅವಳ ಬಾಗಿಲು ತೆರೆದೇ ಇತ್ತು. ಹಾಲ್ ತುಂಬ ರಟ್ಟಿನ ಪೆಟ್ಟಿಗೆಗಳು.

"ಬನ್ನಿ ಅಕ್ಕಾ. ಕೂತ್ಕೊಳ್ಳಿ ಅನ್ನೋಕೆ ಸೋಫಾನೂ ಇಲ್ಲ, ಮಾರ್‌ಬಿಟ್ವಿ. ಇವರ ಪ್ರಾಜೆಕ್ಟ್ ಮುಗೀತು. ಶನಿವಾರ ಡಲ್ಲಾಸ್‌ಗೆ ಮೂವ್ ಆಗ್ತಿದೀವಿ."

ಡಬ್ಬ ಮುಂದೆ ಹಿಡಿದೆ. "ಖಾಲಿನೇ ತಂದಿದೀನಿ ಶ್ರೀಲತಾ. ಏನಾದ್ರೂ ಮಾಡ್ಕೊಂಡು ಬರೋಣ ಅಂತಾನೇ ಇಷ್ಟು ದಿನ ಆಗೋಯ್ತು."

ಅವಳು ನಕ್ಕಳು, ಆಮೇಲೆ ನಗಲಿಲ್ಲ. "ನಮ್ಮನೆ ಪುಳಿಹೋರ ನಿಮಗೆ ಹಿಡಿಸ್ಲಿಲ್ಲ ಅನ್ಕೊಂಡೆ ಅಕ್ಕಾ. ಎಷ್ಟೋ ಸಲ ಏನೇನೋ ಮಾಡ್ದೆ. ಮೊದಲ್ನೇ ಡಬ್ಬಾನೇ ವಾಪಸ್ ಬಂದಿಲ್ಲ, ಇನ್ನೊಂದು ಹೇಗೆ ಕೊಡೋದು ಅಂತ ಸುಮ್ನಾದೆ."

"ದಿನವೆಲ್ಲ ನೀನೊಬ್ಬಳೇ ಏನ್ ಮಾಡ್ತಿದ್ದೆ?"

"ನಿಮ್ಮನೆ ಕಡೆಯಿಂದ ರೈಲಿನ ಸದ್ದು ಬರ್ತಿತ್ತಲ್ಲ. ಏನು ಅಂತ ಗೊತ್ತಿಲ್ಲ, ಆದ್ರೆ ಕೇಳ್ತಾ ಕೂತಿರ್ತಿದ್ದೆ. ಅದು ನಿಂತ್ರೆ ನೀವು ಊಟಕ್ಕೆ ಎದ್ರಿ ಅಂತ ನಾನೂ ಏಳ್ತಿದ್ದೆ."

ಹೊರಡುವಾಗ ಅವಳು ಡಬ್ಬವನ್ನು ನನಗೇ ವಾಪಸ್ ಕೊಟ್ಟಳು. ಪ್ಯಾಕಿಂಗ್ ಮುಗಿದಿದೆ, ನಿಮ್ಮ ಹತ್ತಿರವೇ ಇರಲಿ ಎಂದಳು. ಕೊಡುವ ಮುಂಚೆ ಬರಿದಾದ ಅಡುಗೆಮನೆಯನ್ನೆಲ್ಲ ಹುಡುಕಿ, ಪ್ಯಾಕೆಟ್ಟಿನ ತಳದಲ್ಲಿ ಉಳಿದಿದ್ದ ಸಕ್ಕರೆಯನ್ನು ಅದರೊಳಕ್ಕೆ ಸುರಿದಳು.

ವಾಲ್ಟ್ ಅವರ ಮಿಕ್ಕ ವ್ಯಾಗನ್ನುಗಳನ್ನು ಅವತ್ತೇ ಖಾಲಿಯಾಗಿ ಕಳಿಸಿಕೊಟ್ಟೆ. ಮಾರನೆಯ ದಿನವೇ ಸೇಬು ಬಂತು. ಶನಿವಾರ ಶ್ರೀಲತಾ ಹೋದಳು. ಈಗ ಮಧ್ಯಾಹ್ನ ಗೋಡೆಯ ಆ ಕಡೆ ಕುಕ್ಕರ್ ಕೂಗುವುದಿಲ್ಲ, ನಾನು ಗಡಿಯಾರ ನೋಡಿ ಅಕ್ಕಿ ತೊಳೆಯುತ್ತೇನೆ. ಆ ಸಕ್ಕರೆಯನ್ನು ಬಳಸಲು ಮನಸ್ಸು ಬಂದಿಲ್ಲ.

ನಿಮ್ಮ ಮನೆಯ ಫ್ರಿಜ್ಜಿನ ಮೇಲೆ ಯಾರ ಡಬ್ಬ ಕೂತಿದೆ?