ಹಸಿರು ಬಣ್ಣದ ಕೆಳಗಿನ ಚುಕ್ಕಿ

ಮೇಸ್ತ್ರಿಗೆ ಈ ಲೋಕದಲ್ಲಿ ಗೌರವವಿದ್ದದ್ದು ಎರಡರ ಮೇಲೆ ಮಾತ್ರ. ಒಂದು, ಕಾರ್ಖಾನೆಯವರು ಲೋಹದಲ್ಲಿ ಕೆತ್ತಿದ ಗುರುತು. ಇನ್ನೊಂದು, ತಾನು. ಉಳಿದವರೆಲ್ಲ ಅವನ ಪಾಲಿಗೆ ದಂಡಪಿಂಡಗಳು. ಕಾರಿನವರು ಗಾಡಿಯ ಕಾಯಿಲೆ ಹೇಳಲು ಬಾಯಿ ತೆರೆದರೆ ಸಾಕು, "ಥೂ" ಎಂದು ಮುಖ ತಿರುಗಿಸುತ್ತಿದ್ದ. ನಿಜಕ್ಕೂ ಉಗುಳುತ್ತಿರಲಿಲ್ಲ; ಶೆಡ್ಡಿನ ನೆಲವನ್ನು ದಿನಾ ಒರೆಸುವವನು ತಾನೇ ಆದ್ದರಿಂದ ಬರೀ ಶಬ್ದ.

ಕೆಲಸ ಬರುತ್ತಿತ್ತು, ಅದರಲ್ಲಿ ಅನುಮಾನವಿಲ್ಲ. ಹಳೇ ಕಾಲದ ಸ್ಪೋರ್ಟ್ಸ್ ಕಾರುಗಳನ್ನು ಮುಟ್ಟುವ ಧೈರ್ಯ ಆ ಊರಿನಲ್ಲಿ ಅವನೊಬ್ಬನಿಗೇ ಇತ್ತು. ಹಿಂದೆ ಇನ್ನೊಬ್ಬನಿಗೂ ಇತ್ತು: ಅವನ ಹೆಂಡತಿಯ ತಮ್ಮ. ಅವನನ್ನು ಈಗ ಊರೆಲ್ಲ 'ಅಂದಾಜು' ಎಂದು ಕರೆಯುತ್ತದೆ. ಆ ಹೆಸರಿಟ್ಟವನು ಮೇಸ್ತ್ರಿಯೇ. ಆ ಹೆಸರು ಹೊತ್ತವನ ಕೈಗೆ ಆಮೇಲೆ ಯಾರೂ ಎಂಜಿನ್ ಕೊಡಲಿಲ್ಲ. ಆರು ವರ್ಷದಿಂದ ಅವನು ನೀರಿನ ಪಂಪು ರಿಪೇರಿ ಮಾಡುತ್ತಿದ್ದಾನೆ.

ಹೆಸರು ಹುಟ್ಟಿದ್ದು ಹಲ್ಲಿನ ಡಾಕ್ಟರ ಎರಡು ಸೀಟಿನ ಕೆಂಪು ಕಾರಿನಿಂದ. ಅದರ ಎಂಜಿನ್ನಿನ ಮುಂಭಾಗದಲ್ಲಿ ಹಲ್ಲುಗಳಿರುವ ರಬ್ಬರ್ ಬೆಲ್ಟೊಂದಿದೆ. ಪಿಸ್ಟನ್ನುಗಳಿಗೆ ಜೋಡಿಸಿದ ಕೆಳಗಿನ ಕ್ರ್ಯಾಂಕು ತಿರುಗಿದಂತೆ ಅದು ಮೇಲಿನ ಎರಡು ಕ್ಯಾಮ್‌ಗಳನ್ನು ತಿರುಗಿಸುತ್ತದೆ. ಕ್ಯಾಮ್‌ಗಳು ವಾಲ್ವು ತೆರೆದು ಮುಚ್ಚುತ್ತವೆ. ಬೆಲ್ಟು ಒಂದೇ ಒಂದು ಹಲ್ಲು ಆಚೀಚೆ ಕೂತರೂ ವಾಲ್ವುಗಳು ಹೊತ್ತಲ್ಲದ ಹೊತ್ತಿನಲ್ಲಿ ತೆರೆಯುತ್ತವೆ. ಗಾಡಿ ಓಡುತ್ತದೆ, ಆದರೆ ಜ್ವರ ಬಂದವನ ಹಾಗೆ.

ಆರು ವರ್ಷದ ಹಿಂದೆ ಅದಕ್ಕೆ ಹೊಸ ಬೆಲ್ಟು ಹಾಕಲು ಕೂತಾಗ, ಕ್ರ್ಯಾಂಕಿನ ತುದಿಯ ಪುಲ್ಲಿಯಲ್ಲಿ ಪಿಸ್ಟನ್ ನೆತ್ತಿಗೆ ಬಂದದ್ದನ್ನು ತೋರಿಸುವ ಗುರುತು ಎಂಜಿನ್ನಿನ ಮೇಲಿನ ಮುಳ್ಳಿಗೆ ಸರಿಯಾಗಿ ನಿಂತರೂ ಮೇಲಿನ ಕ್ಯಾಮ್ ಗುರುತುಗಳು ಒಂದು ಹಲ್ಲು ತಪ್ಪಿದ್ದವು.

"ಹಳೇ ಬೆಲ್ಟ್ ಹಾಕಿದೋನು ಕತ್ತೆ" ಎಂದು ಮೇಸ್ತ್ರಿ ತೀರ್ಪು ಕೊಟ್ಟ.

"ಭಾವ, ಈ ಪುಲ್ಲಿ ಎರಡು ತುಂಡು" ಎಂದ ಬಾಮೈದ. "ನಡುವೆ ರಬ್ಬರ್ ಇದೆ. ಹೊರಗಿನ ಉಂಗುರ ಜಾರಿದ್ರೆ ಅದರ ಜೊತೆ ಗುರುತೂ ಜಾರುತ್ತೆ. ಪ್ಲಗ್ ತೂತಲ್ಲಿ ಕಡ್ಡಿ ಬಿಟ್ಟು, ಪಿಸ್ಟನ್ ನಿಜವಾಗ್ಲೂ ಮೇಲಿದೆಯಾ ನೋಡೋಣ."

"ಬಾವಿ ಆಳ ನೋಡೋಕೆ ಬಂದಿದ್ದೀಯೇನೋ? ಕಂಪನಿಯೋನು ಕೆತ್ತಿದ್ದಕ್ಕಿಂತ ನಿನ್ನ ಕಡ್ಡಿ ದೊಡ್ಡದಾ?"

ಮೇಸ್ತ್ರಿ ಊಟಕ್ಕೆ ಹೋದಾಗ ಬಾಮೈದ ಅಳೆದು ನೋಡಿ, ಪುಲ್ಲಿಯ ಅಂಚಿನಲ್ಲಿ ಉಳಿಯಿಂದ ಸಣ್ಣ ಚುಕ್ಕಿಯೊಂದನ್ನು ಕುಟ್ಟಿದ. ಊಟ ಮುಗಿಸಿ ಬಂದವನು ಅದನ್ನು ಕಂಡು, ಮುಂದೆ ಯಾರೂ ದಾರಿ ತಪ್ಪದಿರಲೆಂದು, ಹೆಂಡತಿಗೆ ಬೇಡವಾದ ಹಸಿರು ನೇಲ್ ಪಾಲಿಶ್ ಬಳಿದು ಮುಚ್ಚಿದ. ಕಂಪನಿಯ ಗುರುತಿಗೇ ಬೆಲ್ಟು ಕೂರಿಸಿದ. ಗಾಡಿ ಏರು ಹತ್ತದಾಯಿತು. ಬೆಲ್ಟು ಬಿಗಿಯಾಗಿಡುವ ಟೆನ್ಷನರ್ ಹಾಕಿದ್ದು ಬಾಮೈದ. ಅಷ್ಟು ಸಾಕಾಯಿತು. ಡಾಕ್ಟರ ಎದುರಿಗೇ ಮೇಸ್ತ್ರಿ ಕೂಗಿದ: "ಇವನದ್ದು ಎಲ್ಲಾ ಅಂದಾಜು!" ಬಾಮೈದ ಸ್ಪ್ಯಾನರು ಕೆಳಗಿಟ್ಟು ಹೋದವನು ಮತ್ತೆ ಬರಲಿಲ್ಲ.

ಡಾಕ್ಟರ ವಿಷಯ ಇಷ್ಟೇ: ಅವರು ಕಾರು ಓಡಿಸುತ್ತಿರಲಿಲ್ಲ, ಒರೆಸುತ್ತಿದ್ದರು. ಕ್ಲಬ್ಬಿನ ಗೆಳೆಯರು ಹೇಳಿದ್ದನ್ನೆಲ್ಲ ಬದಲಿಸುತ್ತಿದ್ದರು. ಮೊನ್ನೆ ಬುಧವಾರ ಆ ಕಾರನ್ನೇ ಮತ್ತೆ ತಂದು ನಿಲ್ಲಿಸಿದರು.

"ಕಾರ್ಬೊರೇಟರ್ ಹೊಸದು, ಕಾಯಿಲ್ ಹೊಸದು, ಸೈಲೆನ್ಸರೂ ಹೊಸದು ಮೇಸ್ತ್ರಿ. ಆದ್ರೂ ಎಳೆಯೋದಿಲ್ಲ. ಎಂಜಿನ್ನೇ ಪೂರ್ತಿ ಬಿಚ್ಚಿಸಿ ಅಂತಾರೆ ಕ್ಲಬ್ಬಿನವರು."

"ಥೂ! ನಿಮ್ಮಲ್ಲಿಗೆ ಬಂದೋರ ಬಾಯಿ ತೆರೆಸಿ ನೋಡದೇನೇ ಮೂವತ್ತೆರಡೂ ಕೀಳ್ತೀರಾ ಡಾಕ್ಟ್ರೇ?"

ಮೇಸ್ತ್ರಿ ನಾಲ್ಕೂ ಸಿಲಿಂಡರುಗಳ ಒತ್ತಡ ಅಳೆದ. ನೂರೈವತ್ತು ದಾಟಬೇಕಿದ್ದಲ್ಲಿ ನಾಲ್ಕೂ ನೂರಿಪ್ಪತ್ತರ ಆಸುಪಾಸಿನಲ್ಲಿದ್ದವು. ಅವನ ಮುಖ ಅರಳಿತು.

"ಪಿಸ್ಟನ್ ರಿಂಗ್ ಸವೆದಿದ್ರೆ ಒಂದೊಂದು ಒಂದೊಂದು ಥರ ಇರ್ತಿತ್ತು. ನಾಲ್ಕೂ ಒಟ್ಟಿಗೆ ಸೋತಿವೆ ಅಂದ್ರೆ ಬೆಲ್ಟು ಹಲ್ಲು ತಪ್ಪಿದೆ. ಅಂದಾಜು ಹಾಕಿದ ಟೆನ್ಷನರ್ ಸಡಿಲ ಆಗಿರ್ಬೇಕು, ಇನ್ನೇನು!"

ಮೂಲೆಯ ಮೇಜಿನ ಹಿಂದೆ ಬಿಡಿಭಾಗಗಳ ಪಟ್ಟಿ ಬರೆಯುತ್ತಿದ್ದ ಹೆಂಡತಿ ತಲೆಯೆತ್ತಲಿಲ್ಲ. ಆರು ವರ್ಷದಿಂದ ತಮ್ಮನ ಹೆಸರನ್ನು ಹೀಗೇ ಕೇಳುತ್ತ ಬಂದಿದ್ದಳು.

ಬೆಲ್ಟಿನ ಮುಚ್ಚಳ ಬಿಚ್ಚಿದರೆ, ಟೆನ್ಷನರ್ ಗಟ್ಟಿಯಾಗಿತ್ತು. ಕೆಳಗಿನ ಗುರುತು ಮುಳ್ಳಿಗೆ, ಮೇಲಿನೆರಡೂ ತಮ್ಮ ಜಾಗಕ್ಕೆ ಕೂದಲಷ್ಟೂ ತಪ್ಪದೆ ನಿಂತಿದ್ದವು. ಮೇಸ್ತ್ರಿ ಕ್ರ್ಯಾಂಕನ್ನು ಎರಡು ಸುತ್ತು ತಿರುಗಿಸಿದ. ಮತ್ತೆ ಅಲ್ಲಿಗೇ ಬಂದು ನಿಂತವು. ಅವನು ಕುಳಿತಲ್ಲೇ ಕುಳಿತ.

"ರೀ, ಗುರುತೆಲ್ಲ ಸರಿ ಇದ್ಯಾ?"

"ಇದೆ."

"ಮತ್ತೆ ಗಾಡಿ ಯಾಕೆ ಸರಿ ಇಲ್ಲ?"

ಮೇಸ್ತ್ರಿ ಟೆನ್ಷನರನ್ನು ಇನ್ನೊಮ್ಮೆ ಅಲುಗಿಸಿ ನೋಡಿದ. ಅವಳು ಚೀಲದಿಂದ ಉಲ್ಲನ್ ಹೆಣೆಯುವ ಉದ್ದನೆಯ ಸೂಜಿ ತೆಗೆದು, ತಂದು ಅವನ ಮುಂದೆ ಹಿಡಿದಳು. "ಬಾವಿ ಆಳ ನೋಡಿ" ಎಂದಳು.

ಡಾಕ್ಟರನ್ನು ಹೊರಗಿನ ಬೆಂಚಿಗೆ ಕಳಿಸಿ ಮೇಸ್ತ್ರಿ ಸೂಜಿಯನ್ನು ಮೊದಲ ಪ್ಲಗ್ ತೂತಿಗೆ ಇಳಿಸಿದ. ಪಿಸ್ಟನ್ನು ತುದಿ ಮುಟ್ಟುವಾಗ ಕ್ರ್ಯಾಂಕು ತುಸು ತಿರುಗಿದರೂ ಸೂಜಿ ಅಲುಗುವುದಿಲ್ಲ, ಕಣ್ಣಿಗೆ ಮೋಸ. ಆದ್ದರಿಂದ ತುದಿಗೆ ಮೊದಲೊಮ್ಮೆ, ಆಮೇಲೊಮ್ಮೆ ಸೂಜಿ ಒಂದೇ ಎತ್ತರದಲ್ಲಿರುವ ಎರಡು ಜಾಗ ಹಿಡಿದು, ಅವೆರಡರ ನಡುಮಧ್ಯಕ್ಕೆ ಕ್ರ್ಯಾಂಕನ್ನು ತಂದು ನಿಲ್ಲಿಸಬೇಕು. ಅಸಡ್ಡೆಯವರ ಕೆಲಸವಲ್ಲ. ಅವನು ಮೂರು ಸಲ ಮಾಡಿದ. ಮೂರು ಸಲವೂ ಪಿಸ್ಟನ್ನು ನೆತ್ತಿಯಲ್ಲಿದ್ದಾಗ ಕಂಪನಿಯ ಗುರುತು ಮುಳ್ಳಿನಿಂದ ಒಂದು ಅಂಗುಲಕ್ಕೆ ತುಸು ಕಡಿಮೆ ದೂರದಲ್ಲಿತ್ತು. ಆ ಅಳತೆಯ ಪುಲ್ಲಿಯಲ್ಲಿ ಅದು ಹದಿನೆಂಟು ಡಿಗ್ರಿ, ಬೆಲ್ಟಿನ ಸರಿಯಾಗಿ ಒಂದು ಹಲ್ಲು. ಅಂದರೆ ಹಳೇ ಬೆಲ್ಟ್ ಹಾಕಿದ ಕತ್ತೆ ಸರಿಯಾಗಿಯೇ ಹಾಕಿತ್ತು.

ಮುಳ್ಳಿನೆದುರಿಗೆ ಬಂದು ನಿಂತಿದ್ದು ಹಸಿರು ಬಣ್ಣದ ಮಚ್ಚೆ.

ಬಟ್ಟೆಗೆ ಥಿನ್ನರ್ ಹಾಕಿ ಒರೆಸಿದ. ಕೆಳಗಿನಿಂದ ಸಾಸಿವೆ ಗಾತ್ರದ ಚುಕ್ಕಿ ಮೇಲೆ ಬಂತು. ಹೆಂಡತಿ ಬಗ್ಗಿ ನೋಡಿದಳು.

"ನಾನು ಹಾಕೋದು ಬಿಟ್ಟಿದ್ದ ಬಣ್ಣ ಅಲ್ವಾ ಇದು?" ಎಂದಷ್ಟೇ ಕೇಳಿ ಮೇಜಿಗೆ ವಾಪಸಾದಳು.

ಡಾಕ್ಟರು ಬಾಗಿಲಲ್ಲಿ ಇಣುಕಿದರು. "ಸಿಕ್ತಾ ಮೇಸ್ತ್ರಿ? ಅಂದಾಜುದೇ ಕೆಲಸ ತಾನೇ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಡಾಕ್ಟರಿಗೆ ಚುಕ್ಕಿ ತಿಳಿಯದು, ಡಿಗ್ರಿ ತಿಳಿಯದು. ಬೆಲ್ಟನ್ನು ಒಂದು ಹಲ್ಲು ಸರಿಸಿದರೆ ಸಂಜೆಯೊಳಗೆ ಗಾಡಿ ಏರು ಹತ್ತುತ್ತಿತ್ತು. ಮೇಜಿನ ಕಡೆ ಪೆನ್ನು ನಿಂತಿತು.

"ಅಲ್ಲ" ಎಂದ ಮೇಸ್ತ್ರಿ. "ಅವನು ಅಳೆದಿದ್ದ. ನಾನು ಅದರ ಮೇಲೆ ಬಣ್ಣ ಬಳಿದೆ. ಅಂದಾಜು ಅಂತ ಇನ್ಮೇಲೆ ಕರೆಯೋದಾದ್ರೆ ನನ್ನನ್ನ ಕರೀರಿ."

ಡಾಕ್ಟರು ನಕ್ಕರು, ತಮಾಷೆಯೆಂದುಕೊಂಡು. ಅವರಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸುವಂತೆಯೂ ಇರಲಿಲ್ಲ. "ಆಯ್ತು, ಬೇಗ ಕೂರಿಸಿ. ಭಾನುವಾರ ಕ್ಲಬ್ಬಿನ ಪ್ರದರ್ಶನ ಇದೆ."

"ತಳ್ಕೊಂಡು ಹೋಗಿ. ಈ ಬೆಲ್ಟು ನಾನು ಹಾಕೋಲ್ಲ."

ಫೋನು ಹಚ್ಚಿದ. ಆರು ವರ್ಷದ ನಂತರವೂ ಧಾಟಿ ಬದಲಾಗಿರಲಿಲ್ಲ. "ಲೋ, ನಿನ್ನ ಚುಕ್ಕಿ ಸರಿ ಇತ್ತು ಕಣೋ. ಬಂದು ಬೆಲ್ಟು ಹಾಕು."

ಆ ಕಡೆ ಬಾಮೈದ ಪಂಪು ಆರಿಸಿದ. "ಕೈಯಲ್ಲಿ ಕೆಲಸ ಇದೆ ಭಾವ. ಮಂಗಳವಾರ ಬರ್ತೀನಿ."

ಯಾರಿಗೂ ಕಾಯದ ಮನುಷ್ಯ ಆರು ದಿನ ಕಾದ. ಮುಚ್ಚಳ ಬಿಚ್ಚಿದ ಕೆಂಪು ಕಾರು ಶೆಡ್ಡಿನ ನಡುವೆ ನಿಂತೇ ಇತ್ತು. ಮಂಗಳವಾರ ಬೆಳಿಗ್ಗೆ ಬಾಮೈದ ಬಂದ. ಅಕ್ಕನನ್ನು ಮಾತಾಡಿಸಿದ, ಕೈ ಒರೆಸಿಕೊಂಡ, ಸೂಜಿ ಕೇಳಿದ.

"ಮತ್ತೆ ಯಾಕೋ? ಮೂರು ಸಲ ಅಳೆದಿದ್ದೀನಿ. ಚುಕ್ಕಿ ಇದ್ಯಲ್ಲ!"

"ಆರು ವರ್ಷ ಆಯ್ತು ಭಾವ. ಮೊದಲು ಜಾರಿದ್ದು ಮತ್ತೆ ಜಾರಿರಬಾರದಾ? ನನ್ನ ಚುಕ್ಕೀನೂ ನಂಬಬಾರದು."

"ಥೂ" ಎಂದ ಮೇಸ್ತ್ರಿ. ಆಮೇಲೆ ಸ್ಪ್ಯಾನರು ಹಿಡಿದು ನೆಲಕ್ಕೆ ಮಂಡಿಯೂರಿ, ಬಾಮೈದ ಹೇಳಿದಷ್ಟೇ, ಒಂದಿಷ್ಟೂ ಹೆಚ್ಚಿಲ್ಲದೆ, ಕ್ರ್ಯಾಂಕು ತಿರುಗಿಸಿದ.