ಸೊಸೆ ಕೊರೆದ ನೆಲ

ನನ್ನ ಸೊಸೆಯ ಕೆಲಸ ಏನೆಂದು ಯಾರಾದರೂ ಕೇಳಿದರೆ ‘ಮಣ್ಣಿನ ಡಾಕ್ಟರು’ ಎಂದುಬಿಡುತ್ತೇನೆ. ಅವಳಿಗೆ ಆ ಮಾತು ಹಿಡಿಸುವುದಿಲ್ಲ. “ಅತ್ತೆ, ನಾನು ಔಷಧಿ ಕೊಡಲ್ಲ. ಕಾಯಿಲೆ ಇದೆಯಾ ಇಲ್ವಾ ಅಂತ ನೋಡ್ತೀನಿ ಅಷ್ಟೆ” ಅನ್ನುತ್ತಾಳೆ. ಅದೇನು ಸಣ್ಣ ಕೆಲಸವೇ? ಕಾರ್ಖಾನೆ, ಗ್ಯಾರೇಜು, ಪೆಟ್ರೋಲ್ ಬಂಕು ಇದ್ದು ಹೋದ ಜಾಗಗಳಲ್ಲಿ ನೆಲ ಕೊರೆದು, ಒಳಗೆ ಎಣ್ಣೆ ಇಳಿದಿದೆಯೇ, ಇಳಿದಿದ್ದರೆ ಎಲ್ಲಿಯವರೆಗೆ ಎಂದು ಪತ್ತೆ ಹಚ್ಚುತ್ತಾಳೆ. ಮಣ್ಣನ್ನು ಗಾಜಿನ ಬಾಟಲಿಗೆ ಕಂಠಮಟ್ಟ ತುಂಬಿ, ಆವಿ ಹಾರದಂತೆ ಮುಚ್ಚಳ ಬಿಗಿದು, ಐಸ್ ಪೆಟ್ಟಿಗೆಯಲ್ಲಿಟ್ಟು ಲ್ಯಾಬಿಗೆ ಕಳಿಸುತ್ತಾಳೆ. ಅದೇ ಚಾಳಿ ಅಡುಗೆಮನೆಗೂ ಬಂದಿದೆ. ಅವಳು ಮುಚ್ಚಿಟ್ಟ ಡಬ್ಬಿ ತೆರೆಯಬೇಕಾದರೆ ನಾನು ಮಗನನ್ನು ಕೂಗಬೇಕು.

ನಮ್ಮ ಯಜಮಾನರಿಗೂ ಹೆಮ್ಮೆಗೇನು ಕಡಿಮೆಯಿರಲಿಲ್ಲ. ದೊಡ್ಡ ರಸ್ತೆಯ ತಿರುವಿನ ಪೆಟ್ರೋಲ್ ಬಂಕಿನಲ್ಲಿ ಮ್ಯಾನೇಜರ್ ಆಗಿದ್ದುಕೊಂಡೇ ತಲೆ ನರೆಸಿಕೊಂಡವರು. “ನನ್ನ ಕಾಲದಲ್ಲಿ ಒಂದು ತೊಟ್ಟೂ ನೆಲಕ್ಕೆ ಬಿದ್ದಿಲ್ಲ” ಎನ್ನುವುದನ್ನು ಕೇಳಿಸಿಕೊಂಡ ಮೇಲೆಯೇ ನಮ್ಮ ಮನೆಗೆ ಬಂದ ನೆಂಟರಿಗೆ ಕಾಫಿ ಸಿಗುತ್ತಿತ್ತು. ಬಂಕು ಮುಚ್ಚಿತು. ನೆಲದೊಳಗಿದ್ದ ಟ್ಯಾಂಕನ್ನು ಎತ್ತಿ ಸಾಗಿಸಿದರು, ಗುಂಡಿ ಮುಚ್ಚಿದರು. ಪಕ್ಕದ ಶಾಲೆಯವರು ಮಕ್ಕಳ ಆಟಕ್ಕೆ ಆ ಜಾಗ ಕೇಳಿದರು. ಮಣ್ಣು ಶುದ್ಧವಿದೆಯೆಂದು ಖಾತ್ರಿಯಾಗಲಿ, ಆಮೇಲೆ ಕೊಡೋಣ ಎಂದಿತು ನಗರಸಭೆ. ಆ ಕೆಲಸ ಬಂದದ್ದು ಸೊಸೆಯ ಆಫೀಸಿಗೇ. “ಅದು ನಮ್ಮ ಮಾವ ನಡೆಸ್ತಿದ್ದ ಬಂಕ್” ಎಂದು ಅವಳು ಮೊದಲೇ ಹೇಳಿದಳು. ಮೇಲಿನವರು ಇನ್ನೊಬ್ಬ ಇಂಜಿನಿಯರನ್ನು ಜೊತೆ ಮಾಡಿ ಕಳಿಸಿದರು.

“ಕೊರೀಲಿ. ನನ್ನ ಕೆಲಸ ಎಂಥದ್ದು ಅಂತ ಊರಿಗೇ ಗೊತ್ತಾಗ್ಲಿ” ಎಂದು ಯಜಮಾನರು ಎದೆಯುಬ್ಬಿಸಿಕೊಂಡು ಹೋಗಿ, ಟ್ಯಾಂಕಿದ್ದ ಜಾಗವನ್ನು ಚಪ್ಪಲಿಯಿಂದ ಗೆರೆ ಎಳೆದು ತೋರಿಸಿದರು. ಅಲ್ಲೇ ಕೊರೆದರು. ಆವಿ ಅಳೆಯುವ ಕೈಯಂತ್ರ ಕಿಮಕ್ಕೆನ್ನಲಿಲ್ಲ. ಲ್ಯಾಬಿನವರೂ ಮಣ್ಣು ಶುದ್ಧ ಎಂದರು. ಅವತ್ತು ನಮ್ಮವರು ಬೀದಿಗೆಲ್ಲ ಸಿಹಿ ಹಂಚಿದರು, ದಾರಿಯಲ್ಲಿ ಹೋಗುತ್ತಿದ್ದ ಪೋಸ್ಟ್‌ಮನ್ನನ್ನೂ ಬಿಡಲಿಲ್ಲ. ಸುಳ್ಳೇಕೆ ಹೇಳಲಿ, ನಾನೂ ಒಳಗೊಳಗೇ ಬೀಗಿದೆ.

ಸೊಸೆ ಮಾತ್ರ ಸಿಹಿ ಮುಟ್ಟಲಿಲ್ಲ. ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು ನೆಲವನ್ನೇ ನೋಡುತ್ತಿದ್ದಳು.

“ಏನೇ ಹೆಗ್ಗಣ, ಮನೆ ಬುಡಾನೂ ಅಗೀತೀಯಾ?” ಎಂದೆ.

“ಅತ್ತೆ, ನಮ್ಮ ಹಿತ್ತಲ ಮಣ್ಣು ಕಪ್ಪು. ಈ ರಸ್ತೆ ಉದ್ದಕ್ಕೂ, ಬಂಕಿನವರೆಗೂ ಕಪ್ಪೇ. ಗುಂಡೀಲಿ ನನಗೆ ಸಿಕ್ಕಿದ್ದು ಕೆಂಪು.”

“ಅದಕ್ಕೇನೀಗ?”

“ಟ್ಯಾಂಕ್ ಎತ್ತಿದ ಮೇಲೆ ಬೇರೆ ಕಡೆಯಿಂದ ಮಣ್ಣು ತಂದು ತುಂಬಿದ್ದಾರೆ. ನಾನು ಗುಂಡಿಯ ತಳ ದಾಟಲೇ ಇಲ್ಲ, ತಂದು ಸುರಿದಿದ್ದನ್ನೇ ಪರೀಕ್ಷೆ ಮಾಡಿದೀನಿ. ಪಕ್ಕದ ಮನೆಯವರ ರಕ್ತ ತೆಗೆದು ನಿಮಗೆ ಕಾಯಿಲೆ ಇಲ್ಲ ಅಂದ ಹಾಗಾಯ್ತು.”

ವರದಿ ಹೋಗಿಯಾಗಿತ್ತು. ಜೊತೆಗಿದ್ದ ಇಂಜಿನಿಯರೂ ಸಹಿ ಹಾಕಿಯಾಗಿತ್ತು. ಅವಳು ಸುಮ್ಮನಿದ್ದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಅವಳು ಕೈ ಒರೆಸಿಕೊಂಡು ನೇರ ನಡುಮನೆಗೆ ಹೋದಳು.

“ಮಾವ, ನನ್ನಿಂದ ತಪ್ಪಾಗಿದೆ. ವರದಿ ವಾಪಸ್ ತಗೊಂಡು ಮತ್ತೆ ಕೊರೀತೀನಿ.”

ಯಜಮಾನರ ಮುಖ ಕೆಂಪಾಯಿತು. “ಊರಿಗೆಲ್ಲ ಸಿಹಿ ಹಂಚಿದ್ದೀನಿ. ಈಗ ಮನೆಯವಳಾಗಿ ನೀನೇ ನನ್ನ ಮರ್ಯಾದೆ ತೆಗೀತೀಯಾ?”

“ಮಕ್ಕಳು ಅಲ್ಲಿ ಬಿದ್ದು ಎದ್ದು ಆಡ್ತಾರೆ ಮಾವ.”

ಅವರು ಟಿವಿಯ ಸದ್ದು ಜೋರು ಮಾಡಿದರು. ಮಗ ನಡುವೆ ಬಾಯಿ ಹಾಕಲು ಬಂದ, ನಾನು ಕಣ್ಣು ಬಿಟ್ಟೆ, ತೆಪ್ಪಗಾದ. ಮರುದಿನ ಸೊಸೆ ಆಫೀಸಿನಲ್ಲಿ ಎಲ್ಲರೆದುರು ಬೈಸಿಕೊಂಡು, ಮತ್ತೆ ಕೊರೆಯಲು ಒಪ್ಪಿಗೆ ತಂದಳು. ಗಂಡನ ಮುಖ ನೋಡಿದರೆ ನನಗೆ ಸಂಕಟ. ಆದರೂ ಮನಸ್ಸು ಅವಳ ಕಡೆಗೇ ವಾಲಿತು. ತನ್ನ ತಪ್ಪನ್ನು ತಾನಾಗಿ ಹೋಗಿ ಹೇಳಿದವರು ನಮ್ಮ ಮನೆತನದಲ್ಲಿ ಅವಳೇ ಮೊದಲು. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಎರಡನೆಯ ಸಲ ಕೊರೆಯುವಾಗ ಕೊಡೆ ಹಿಡಿದು ನಾನೂ ಹೋದೆ. ಯಜಮಾನರು ಮನೆಯಲ್ಲೇ ಉಳಿದರು. ಗುಂಡಿಯ ತಳದ ಕೆಳಗೆ ಕೊರೆದರು, ಸುತ್ತಲೂ ಕೊರೆದರು. ಒಂದು ಬದಿಯಲ್ಲಿ ಮಾತ್ರ ಯಂತ್ರ ಸಣ್ಣಗೆ ಕುಂಯ್‌ಗುಟ್ಟಿತು. ಎಣ್ಣೆ ಎಲ್ಲಿಂದಲೋ ಹರಿದು ಬಂದಿದೆ, ಎಲ್ಲಿಂದ ಎಂದು ಮಾತ್ರ ತಿಳಿಯುತ್ತಿಲ್ಲ. ಅಷ್ಟು ದೊಡ್ಡ ಜಾಗವನ್ನು ಎಲ್ಲೆಂದರಲ್ಲಿ ಕೊರೆಯಲಾದೀತೇ? ಸೊಸೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

ಅಷ್ಟರಲ್ಲಿ ಗೇಟಿನ ಹತ್ತಿರ ನಮ್ಮವರು ಕಾಣಿಸಿದರು. ಯಾವಾಗ ಬಂದರೋ! ಯಾರನ್ನೂ ಮಾತಾಡಿಸದೆ ಕಾಂಪೌಂಡಿನ ಮೂಲೆಗೆ ನಡೆದು ನಿಂತರು.

“ಇಲ್ಲಿ ಕೊರಿ.”

“ಇಲ್ಲೇನಿತ್ತು ಮಾವ?”

“ಮೊದಲು ಒಂದು ಪಂಪ್ ಇತ್ತು. ಅದನ್ನ ಆ ಕಡೆಗೆ ಹಾಕಿದಾಗ ಹಳೇ ಪೈಪಿನ ಬಾಯಿ ಮುಚ್ಚಿ ನೆಲದಲ್ಲೇ ಬಿಟ್ವಿ. ಅದಕ್ಕೆ ಟ್ಯಾಂಕಿನ ಸಂಪರ್ಕ ಇದ್ದೇ ಇತ್ತು.” ಚಪ್ಪಲಿಯಿಂದ ಅಲ್ಲೊಂದು ಗೆರೆ ಎಳೆದರು. “ಆಮೇಲೆ ಪೆಟ್ರೋಲ್ ಕಡಿಮೆ ಬಿದ್ದಾಗಲೆಲ್ಲ ಟ್ಯಾಂಕರ್ ಡ್ರೈವರನ್ನ ಕಳ್ಳ ಅಂತ ಬೈತಿದ್ದೆ.”

ಕೊರೆದರು. ಕೊರೆಯುವ ಕೊಳವೆಯೊಳಗೆ ಬಂದದ್ದು ಕಪ್ಪು ಮಣ್ಣು. ಯಂತ್ರ ಒಂದೇ ಸಮನೆ ಕಿರುಚಿಕೊಂಡಿತು. ದೂರದಲ್ಲಿದ್ದ ನನ್ನ ಮೂಗಿಗೇ ಪೆಟ್ರೋಲ್ ವಾಸನೆ ಬಡಿಯಿತು. ನಮ್ಮವರು ಕಣ್ಣು ಮುಚ್ಚಿಕೊಂಡರು. ಅವರನ್ನು ನೋಡಿ ನನಗೆ ಅಳು ಬಂತು.

ನಗರಸಭೆಯ ಸಭಾಂಗಣದಲ್ಲಿ ಸೊಸೆ ವರದಿ ಓದಿದ ದಿನ ಶಾಲೆಯ ಟೀಚರುಗಳು, ತಂದೆತಾಯಂದಿರು ತುಂಬಿಕೊಂಡಿದ್ದರು. ಮೂಲೆಯ ಮಣ್ಣನ್ನು ಪೈಪಿನ ಸಮೇತ ಅಗೆದು ಸಾಗಿಸಬೇಕು, ಅಲ್ಲಿಯವರೆಗೆ ಮಕ್ಕಳು ಕಾಲಿಡಬಾರದು ಎಂದು ಅವಳು ತಡವರಿಸದೆ ಹೇಳಿದಳು.

“ಈ ಸೋರಿಕೆ ಯಾರ ಕಾಲದ್ದು?” ಎಂದರು ಅಧ್ಯಕ್ಷರು.

“ಸಾರ್, ಅದು ವರದಿಗೆ ಬೇಕಾಗಲ್ಲ...” ಎಂದಳು ಸೊಸೆ. ಅವಳ ದನಿ ಕುಗ್ಗಿದ್ದು ಅದೊಂದೇ ಸಲ.

ನನ್ನ ಪಕ್ಕದ ಕುರ್ಚಿ ಕಿರುಗುಟ್ಟಿತು. ಯಜಮಾನರು ಎದ್ದು ನಿಂತು ಅಂಗಿ ಸರಿಮಾಡಿಕೊಂಡರು.

“ನನ್ನ ಕಾಲದ್ದು ಸಾರ್. ಬಂಕ್ ನಡೆಸಿದೋನು ನಾನು. ಅದನ್ನ ಕಂಡುಹಿಡಿದೋಳು ನಮ್ಮ ಮನೆ ಸೊಸೆ. ಬರ್ಕೊಳ್ಳೋದಾದ್ರೆ ಎರಡನ್ನೂ ಒಟ್ಟಿಗೇ ಬರ್ಕೊಳ್ಳಿ.”