ಮೊಮ್ಮಗಳಿಗೆ ಹಚ್ಚಿದ ಲಾರಿ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಇವತ್ತು ಅವಳನ್ನು ಮೂಡಿಗೆರೆ ಆಸ್ಪತ್ರೆಯಿಂದ ಕಳಸಕ್ಕೆ ಜೀಪಿನಲ್ಲಿ ಕರೆತಂದೆವು. ದಾರಿಯಲ್ಲಿ ಮಗಳು ಸುಮ, ಪಂಜಾಬಿ ಕತೆಗಳನ್ನು ಕನ್ನಡಕ್ಕೆ ಮಾಡಿದ ಪುಸ್ತಕ ಬಿಚ್ಚಿದಳು. ಬಾಣಂತಿ ಓದಿದರೆ ಕಣ್ಣು ಹಾಳು ಎಂದು ಕಿತ್ತುಕೊಂಡೆ.

"ಹಾಗಾದ್ರೆ ನೀನೇ ಓದಮ್ಮ. ಆ ಮಗು ಕತೆ ಏನಾಯ್ತು ಅಂತ ನಂಗೆ ಗೊತ್ತಾಗ್ಬೇಕು."

ನನ್ನದು ಮೂರನೇ ಕ್ಲಾಸು. ಕೊಟ್ಟಿಗೆಹಾರದ ಹೋಟೆಲಿನಲ್ಲಿ ನೀರುದೋಸೆ ಬರುವವರೆಗೆ ಅಕ್ಷರ ಕೂಡಿಸಿ ಓದಿದೆ. ಗಂಡು ಹುಟ್ಟಿದರೆ ಮಾತ್ರ ಲಾರಿ ಹಚ್ಚುತ್ತಾರಂತೆ. ಮೊಮ್ಮಗಳಿಗೂ ಹಚ್ಚಿ ಎಂದು ಕತೆಯ ಅಜ್ಜಿ ಅಳುತ್ತಾಳೆ.

ನನಗೆ ತಲೆಬುಡ ತಿಳಿಯಲಿಲ್ಲ. ಮಗು ಹುಟ್ಟಿದ್ದಕ್ಕೆ ಯಾರಾದರೂ ಲಾರಿಗೆ ಬೆಂಕಿ ಇಡುತ್ತಾರೆಯೇ ಎಂದು ಕೇಳಿದೆ.

"ನನ್ನ ಜೀಪಿನ ಹತ್ರ ಮಾತ್ರ ಬೆಂಕಿಪೊಟ್ಟಣ ತರ್ಬೇಡಿ ಅಮ್ಮ" ಅಂದರು ಡ್ರೈವರ್ ಹಮೀದ್.

ಸುಮ ಹೊಟ್ಟೆ ಹಿಡಿದುಕೊಂಡಳು. "ನಗಿಸ್ಬೇಡಮ್ಮ, ಹೊಲಿಗೆ ನೋಯ್ತದೆ! ಅದು ಲಾರಿ ಅಲ್ಲ, ಲೋಹ್ರಿ. ಚಳಿಗಾಲದಲ್ಲಿ ಬೆಂಕಿ ಹಾಕೋ ಹಬ್ಬ. ಕೊನೆಗೆ ಹಚ್ಚಿದ್ರಾ?"

ಪುಟ ತಿರುಗಿಸಿದೆ. ಬೇರೆ ಕತೆ ಶುರುವಾಗಿತ್ತು. ಅಜ್ಜಿ ಅಳುತ್ತಿದ್ದ ಕಡೆಯೇ ಮುಗಿಸಿಬಿಟ್ಟಿದ್ದಾರೆ! ಹಾಗೆ ಯಾಕೆ ಬಿಟ್ಟರೋ, ಬೆಂಕಿಗೆ ಗಂಡೇನು ಹೆಣ್ಣೇನೋ, ನನಗೆ ಈಗಲೂ ಅರ್ಥವಾಗಿಲ್ಲ.

ಮನೆಗೆ ಬಂದವಳೇ ಮಗುವನ್ನು ಒಳಗೆ ಮಲಗಿಸಿ, ಕಾಫಿ ಗಿಡದ ಒಣ ರೆಂಬೆಗಳನ್ನು ಅಂಗಳದಲ್ಲಿ ಒಟ್ಟಿ ಹಚ್ಚಿದೆ.

"ಈ ಸೆಕೆಯಲ್ಲಿ ಇದೆಂಥ ಬೆಂಕಿ ಮಾರಾಯ್ತಿ?" ಅಂದರು ನಮ್ಮನೆಯವರು.

"ಲಾರಿ" ಅಂದೆ.

ಸುಮ ಜಗುಲಿಯಲ್ಲಿ, ನಾವು ಹಮೀದರನ್ನೂ ಕೂರಿಸಿಕೊಂಡು ಬೆಂಕಿಯ ಸುತ್ತ, ಮನೆಮಂದಿಯೆಲ್ಲ ಒಟ್ಟಿಗೆ ಅಕ್ಕಿರೊಟ್ಟಿ ತಿಂದೆವು.